ಮಸಿ ಹಿಡಿದ ಅಕ್ಷರ: ಶ್ರವಣಬೆಳಗೊಳ ಸೀಮೆಯಲ್ಲಿ ನಕಲಿನ ಕಸುಬು, ಓಲೆಯಿಂದ ಲೇಸರ್ ಪ್ರಿಂಟರಿನವರೆಗೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳವು ಗೊಮ್ಮಟನ ಊರೆಂದು ಲೋಕಕ್ಕೆ ಪರಿಚಿತವಾಗಿದ್ದರೂ, ಬರವಣಿಗೆಯ ಚರಿತ್ರೆಯನ್ನು ಅರಸುವವರಿಗೆ ಅದು ಮೊದಲಿಗೆ ಶಾಸನಗಳ ಊರು. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಇಲ್ಲಿನ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಹೊರತಂದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ ಅದು 573 ಆಯಿತು. ಇಷ್ಟು ಬರಹ ಒಂದೇ ಊರಿನ ಎರಡು ಬೆಟ್ಟಗಳಲ್ಲಿಯೂ ಅವುಗಳ ನಡುವಿನ ಬಸದಿಗಳಲ್ಲಿಯೂ ಉಳಿದು ಬಂದಿರುವುದರಿಂದ, ಒಂದು ಬರಹವನ್ನು ಇನ್ನೊಂದಾಗಿಸುವ ಕಸುಬು, ಅಂದರೆ ನಕಲು ಮಾಡುವ ಕಸುಬು, ಕಾಲಕಾಲಕ್ಕೆ ಹೇಗೆ ರೂಪ ಬದಲಿಸಿತು ಎಂಬುದನ್ನು ಇಲ್ಲಿಂದ ನೋಡುವುದು ಸಲೀಸು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮತ್ತು ಹಾಸನಗಳಲ್ಲಿ ಉಪ ನೋಂದಣಾಧಿಕಾರಿಗಳ ಕಚೇರಿಯ ಸುತ್ತಮುತ್ತಲ ಮಳಿಗೆಗಳಲ್ಲಿ ಇಂದು ಕಾಣುವ ಲೇಸರ್ ಪ್ರಿಂಟರು ಈ ಸರಪಳಿಯ ಇತ್ತೀಚಿನ ಕೊಂಡಿ. ಅದನ್ನು ಇಟ್ಟುಕೊಂಡವರ ಅನುಭವವನ್ನು ಬರಿಯ ಯಂತ್ರದ ರಿಪೇರಿಯ ಮಾತೆಂದು ಬದಿಗಿಡದೆ ಹಳೆಯ ಲಿಪಿಕಾರರ ಅನುಭವದ ಪಕ್ಕದಲ್ಲಿಟ್ಟು ನೋಡಿದರೆ, ಬದಲಾಗದೆ ಉಳಿದದ್ದು ಯಾವುದು, ಕಳೆದುಹೋದದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಶಿಲಾಶಾಸನದ ಕಾಲದಲ್ಲಿ ಒಂದು ಬರಹದ ಹಿಂದೆ ಹಲವು ಕೈಗಳಿರುತ್ತಿದ್ದವು. ಪಾಠವನ್ನು ರಚಿಸುವವನು ಒಬ್ಬ, ಅದನ್ನು ಕಲ್ಲಿನ ಮೇಲೆ ಬರೆದು ಕೊಡುವ ಲೇಖಕ ಇನ್ನೊಬ್ಬ, ಉಳಿ ಹಿಡಿದು ಕಂಡರಿಸುವ ರೂವಾರಿ ಮತ್ತೊಬ್ಬ. ಹೊಯ್ಸಳರ ಕಾಲದ ಶಾಸನಗಳ ಕೊನೆಯಲ್ಲಿ ಗಂಗಾಚಾರಿಯಂತಹ ರೂವಾರಿಗಳ ಹೆಸರು ಬಿರುದುಗಳ ಸಮೇತ ಬರುವುದು, ಬರಹಕ್ಕೆ ಅದನ್ನು ಮಾಡಿದ ಕೈಯೂ ಹೊಣೆ ಎಂಬ ತಿಳಿವಳಿಕೆಯಿಂದ. ನಕಲೂ ಆಗ ಕಲ್ಲಿನಲ್ಲಿಯೇ ಆಗುತ್ತಿತ್ತು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯ 1368ರಲ್ಲಿ ಬಗೆಹರಿಸಿದಾಗ ಆ ತೀರ್ಪನ್ನು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಕಲ್ಲಿಗೆ ಹಾಕಿಸಿದ್ದಲ್ಲದೆ, ರಾಜ್ಯದ ಇತರ ಬಸದಿಗಳಲ್ಲಿಯೂ ನಿಲ್ಲಿಸಬೇಕೆಂದು ವಿಧಿಸಲಾಯಿತು. ಅದೇ ತೀರ್ಪಿನ ಇನ್ನೊಂದು ಕಲ್ಲು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಒಂದೇ ಆದೇಶವನ್ನು ಹಲವು ಕಡೆಗೆ ಮುಟ್ಟಿಸುವ ಇಂದಿನ ಸುತ್ತೋಲೆಯ ಕೆಲಸವನ್ನೇ ಆ ಕಲ್ಲುಗಳು ಮಾಡುತ್ತಿದ್ದವು, ಪ್ರತಿಯೊಂದು ಪ್ರತಿಗೂ ಒಬ್ಬ ಕಲ್ಲುಕುಟಿಗನ ಹಲವು ದಿನಗಳ ದುಡಿಮೆ ಬೇಕಿತ್ತು ಎಂಬುದೊಂದೇ ವ್ಯತ್ಯಾಸ.

ಕಲ್ಲಿನಲ್ಲಿ ಅಕ್ಷರ ಕಾಣುವುದು ಅದರ ತಗ್ಗಿನ ನೆರಳಿನಿಂದ. ತಾಳೆಯೋಲೆಯಲ್ಲಿ ಅಷ್ಟು ಆಳದ ತಗ್ಗು ಸಾಧ್ಯವಿಲ್ಲದ್ದರಿಂದ ಅಲ್ಲಿ ಮಸಿಯ ನೆರವು ಬೇಕಾಯಿತು. ಓಲೆಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿದ ಮೇಲೆ ಕಂಟವೆಂಬ ಮೊನೆಯುಳ್ಳ ಕಬ್ಬಿಣದ ಕಡ್ಡಿಯಿಂದ ಅಕ್ಷರವನ್ನು ಕೊರೆಯುತ್ತಿದ್ದರು. ಕೊರೆದಾಗ ಅಕ್ಷರ ಬಹುಮಟ್ಟಿಗೆ ಕಾಣುವುದೇ ಇಲ್ಲ. ದೀಪದ ಕಾಡಿಗೆಯನ್ನೋ ಇದ್ದಲ ಪುಡಿಯನ್ನೋ ಎಣ್ಣೆ ಅಥವಾ ಸೊಪ್ಪಿನ ರಸದೊಡನೆ ಓಲೆಯ ಮೇಲೆಲ್ಲ ತಿಕ್ಕಿ ಬಟ್ಟೆಯಿಂದ ಒರೆಸಿದಾಗ, ನುಣುಪಾದ ಕಡೆ ಮಸಿ ಹೊರಟುಹೋಗಿ, ಗೀರು ಬಿದ್ದ ಕಡೆ ಮಾತ್ರ ನಿಲ್ಲುತ್ತದೆ. ಅಂದರೆ ಬರೆಯುವ ಕ್ರಿಯೆಯೂ ಕಪ್ಪಾಗಿಸುವ ಕ್ರಿಯೆಯೂ ಇಲ್ಲಿ ಬೇರೆ ಬೇರೆ: ಮೊದಲು ಕಾಣದ ಅಕ್ಷರ, ಅನಂತರ ಅದಕ್ಕೆ ಕರಿಪುಡಿ. ಈ ಎರಡು ಹಂತಗಳ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಯಂತ್ರ ಅಷ್ಟು ಅಪರಿಚಿತವಾಗಿ ತೋರುವುದಿಲ್ಲ. ಓಲೆಯ ವೈರಿಗಳನ್ನೂ ಲಿಪಿಕಾರರು ಬಲ್ಲವರಾಗಿದ್ದರು. ಪ್ರತಿಯ ಕೊನೆಯಲ್ಲಿ ಎಣ್ಣೆ, ನೀರು ಮತ್ತು ಸಡಿಲವಾದ ಕಟ್ಟು, ಈ ಮೂರರಿಂದ ಗ್ರಂಥವನ್ನು ಕಾಪಾಡಬೇಕೆಂದು ಓದುಗರನ್ನು ಬೇಡಿಕೊಳ್ಳುವುದು ಭಾರತದ ಹಸ್ತಪ್ರತಿಗಳಲ್ಲಿ ಸಾಮಾನ್ಯ ರೂಢಿ.

ಗ್ರಂಥಗಳಿಗೆ ಓಲೆಯಾದರೆ ಲೆಕ್ಕಪತ್ರಗಳಿಗೆ ಕಡತ. ಇಂದು ಕಚೇರಿಯ ಫೈಲಿಗೆ ಸಲ್ಲುವ ಈ ಮಾತು ಮೂಲದಲ್ಲಿ ಒಂದು ಬಗೆಯ ಬಟ್ಟೆಯ ಪುಸ್ತಕದ ಹೆಸರು: ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಈ ಕಪ್ಪು ಪುಸ್ತಕಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಕಡತದಲ್ಲಿ ನೆಲ ಕಪ್ಪು, ಅಕ್ಷರ ಬಿಳಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಹಳತಾದರೆ ಮತ್ತೊಮ್ಮೆ ಮಸಿ ಬಳಿದು ಹೊಸದು ಮಾಡಿಕೊಳ್ಳಬಹುದು. ಶಾನುಭೋಗರೂ ವರ್ತಕರೂ ಮಠಗಳೂ ಇದನ್ನು ಮೆಚ್ಚಿದ್ದು ಈ ಅನುಕೂಲಕ್ಕಾಗಿ, ಮತ್ತು ಇದೇ ಅನುಕೂಲ ಅದರ ದೋಷವೂ ಆಗಿತ್ತೆಂದು ಹೇಳಬೇಕು, ಏಕೆಂದರೆ ಒರೆಸಬಹುದಾದ ದಾಖಲೆಗೆ ಅದನ್ನು ಇಟ್ಟುಕೊಂಡವನ ಪ್ರಾಮಾಣಿಕತೆಯೊಂದೇ ಆಧಾರ.

ನಕಲು ಮಾಡುವುದು ಎಷ್ಟು ದೊಡ್ಡ ಕಾರ್ಯವಾಗಬಹುದು ಎಂಬುದಕ್ಕೆ ಧವಲ ಗ್ರಂಥಗಳ ಪ್ರಸಂಗ ಸಾಕ್ಷಿ. ದಿಗಂಬರ ಸಂಪ್ರದಾಯದ ಸಿದ್ಧಾಂತ ಗ್ರಂಥವಾದ ಷಟ್ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲ ವ್ಯಾಖ್ಯಾನದ ಪ್ರಾಚೀನ ಓಲೆಗಳು ಉಳಿದಿದ್ದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಅವನ್ನು ಪೂಜಿಸುತ್ತಿದ್ದರೇ ಹೊರತು ಓದಬಲ್ಲವರು ಅಪರೂಪವಾಗಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಆ ಲಿಪಿಯನ್ನು ಬಲ್ಲ ವಿದ್ವಾಂಸರಾಗಿ ಹೊರಗಿನವರ ಗಮನಕ್ಕೆ ಬಂದವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು. ಅವರೂ ಅವರ ನಂತರ ಇತರರೂ ಸೇರಿ ನಡೆಸಿದ ಪ್ರತಿ ಮಾಡುವ ಕೆಲಸ ಎರಡು ದಶಕಗಳಿಗೂ ಮೀರಿ ಎಳೆಯಿತು. ಆ ಪ್ರತಿಗಳ ಆಧಾರದ ಮೇಲೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ, ಮುಂದಿನ ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಹೊರಬಂದವು. ಇದೇ ಗ್ರಂಥಗಳನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ಕೈಗೊಂಡಾಗ ಅಕ್ಷರ ಜೋಡಣೆಗೆ ಕಂಪ್ಯೂಟರಿನ ಕಾಲ ಬಂದಿತ್ತು. ಓಲೆಯ ಒಂದು ಕಟ್ಟಿನ ಪ್ರತಿ ತೆಗೆಯಲು ವರ್ಷಗಳನ್ನು ಕಳೆದ ಕೆಲಸಕ್ಕೂ, ತಿದ್ದಿದ ಪುಟದ ಹೊಸ ಪ್ರತಿಯನ್ನು ಕೆಲವು ಸೆಕೆಂಡುಗಳಲ್ಲಿ ಕೈಗಿಡುವ ಯಂತ್ರಕ್ಕೂ ನಡುವೆ ಇರುವ ಅಂತರ ಕೇವಲ ನೂರು ವರ್ಷ.

ಇದೇ ಅವಧಿಯಲ್ಲಿ ಬೆಟ್ಟದ ಮೇಲೆ ಇನ್ನೊಂದು ಬಗೆಯ ನಕಲು ನಡೆಯುತ್ತಿತ್ತು. ಪ್ರಾಚ್ಯವಸ್ತು ಇಲಾಖೆಯವರು ಶಾಸನದ ಪಡಿಯಚ್ಚು ತೆಗೆಯುವಾಗ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲ ಬ್ರಷ್ಷಿನಿಂದ ಬಡಿಯುತ್ತಿದ್ದರು; ಕಾಗದ ಅಕ್ಷರದ ತಗ್ಗಿಗೆ ಇಳಿದು ಕೂತ ಮೇಲೆ ಮಸಿಯ ಉಂಡೆಯಿಂದ ಮೇಲೆ ಮೇಲೆ ತಟ್ಟಿದರೆ, ಉಬ್ಬಿದ ನೆಲವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಡತದ ಹಾಗೆಯೇ ಕಪ್ಪಿನಲ್ಲಿ ಬಿಳಿ. ಮಸಿ ಹೆಚ್ಚು ತೇವವಾದರೆ ಅಕ್ಷರದೊಳಕ್ಕೂ ಇಳಿದು ಪ್ರತಿ ಕೆಡುತ್ತದೆ, ಕಾಗದ ಬೇಗ ಒಣಗಿದರೆ ಕಲ್ಲನ್ನು ಬಿಟ್ಟು ಏಳುತ್ತದೆ. ಮಸಿಯ ಹದ, ಕಾಗದದ ತೇವ, ಕೈಯ ಒತ್ತಡ ಈ ಮೂರೂ ಹೊಂದಿಕೊಂಡರೆ ಮಾತ್ರ ಪಡಿಯಚ್ಚು ಓದಿಗೆ ಸಿಗುತ್ತದೆ.

ಆಡಳಿತದ ಕಾಗದಗಳ ಕಡೆಗೆ ತಿರುಗಿದರೆ, ಹಳ್ಳಿಯ ದಾಖಲೆ ಬಹುಕಾಲ ಶಾನುಭೋಗರ ಮನೆಯಲ್ಲಿಯೇ ಇತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹಕ್ಕು ಕೊನೆಗೊಂಡಾಗ ಆ ಪುಸ್ತಕಗಳು ಗ್ರಾಮ ಲೆಕ್ಕಿಗರ ಕೈಗೆ ಬಂದವು. ಆದರೆ ಪಹಣಿಯನ್ನು ಕೈಯಲ್ಲಿ ಬರೆದುಕೊಡುವ ಕ್ರಮ ಹಾಗೆಯೇ ಉಳಿಯಿತು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನು ಪರವಾನಗಿ ಪಡೆದ ಪತ್ರ ಬರಹಗಾರರು ಛಾಪಾ ಕಾಗದದ ಮೇಲೆ ಬರೆಯುತ್ತಿದ್ದರು. ಆ ಪತ್ರಗಳ ಒಡಲನ್ನು ಶಾಸನದ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಗಮನ ಸೆಳೆಯುತ್ತದೆ. ದತ್ತಿಯ ಭೂಮಿಗೆ ಶಾಸನದಲ್ಲಿ ಕೆರೆ, ಬಂಡೆ, ಮರಗಳ ಗುರುತು ಹಿಡಿದು ಎಲ್ಲೆ ಹೇಳುವಂತೆ ಕ್ರಯಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರುತ್ತದೆ. ಶಾಸನದ ಕೊನೆಯಲ್ಲಿ ರೂವಾರಿಯ ಹೆಸರಿರುವಂತೆ ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದವರ ಹೆಸರು ಬರುತ್ತದೆ. ಲೇಖನಿಯಿಂದ ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಈ ಪದ, ಅಕ್ಷರದ ಹಿಂದೆ ಗುರುತಿಸಬಹುದಾದ ಒಂದು ಕೈ ಇದೆ ಎಂಬುದರ ಮುದ್ರೆ. ಪತ್ರ ಕೂಟವೆಂಬ ತಗಾದೆ ಎದ್ದರೆ ನ್ಯಾಯಾಲಯಗಳು ಅಕ್ಷರದ ವೈಖರಿಯನ್ನೇ ಸಾಕ್ಷ್ಯವಾಗಿ ಪರಿಶೀಲಿಸುತ್ತಿದ್ದುದೂ ಇದೇ ಕಾರಣಕ್ಕೆ.

ಬೆರಳಚ್ಚು ಈ ಕೈಗುರುತನ್ನು ಅರ್ಧ ಅಳಿಸಿತು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಟೈಪ್‌ರೈಟರು, ವಿಶೇಷವಾಗಿ ಕನ್ನಡ ಆಡಳಿತ ಭಾಷೆಯಾದ ಮೇಲೆ, ತಾಲ್ಲೂಕು ಕಚೇರಿಗಳಿಗೂ ಅವುಗಳ ಎದುರಿನ ಜಾಬ್ ಟೈಪಿಂಗ್ ಮಳಿಗೆಗಳಿಗೂ ಬಂದಿತು. ಹಾಳೆಗಳ ನಡುವೆ ಕಾರ್ಬನ್ ಕಾಗದವಿಟ್ಟರೆ ಮೂರು ನಾಲ್ಕು ಪ್ರತಿ, ಮೇಣದ ಹಾಳೆಯ ಮೇಲೆ ಟೈಪು ಮಾಡಿ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿದರೆ ನೂರಾರು ಪ್ರತಿ. ಈ ಸೀಮೆಯಲ್ಲಿ ಕಾಲವನ್ನು ಮಸ್ತಕಾಭಿಷೇಕಗಳಿಂದ ಅಳೆಯುವುದು ರೂಢಿಯಾದ್ದರಿಂದ ಹೀಗೂ ಹೇಳಬಹುದು: ವಿಗ್ರಹಕ್ಕೆ ಸಾವಿರ ವರ್ಷ ತುಂಬಿದ 1981ರ ಮಹಾಮಸ್ತಕಾಭಿಷೇಕ ಟೈಪ್‌ರೈಟರು ಮತ್ತು ಸೈಕ್ಲೋಸ್ಟೈಲಿನ ಕಾಲದ್ದು, 1993ರದ್ದು ಜೆರಾಕ್ಸ್ ಮತ್ತು ಡಾಟ್ ಮ್ಯಾಟ್ರಿಕ್ಸಿನ ಕಾಲದ್ದು, 2006ರ ಹೊತ್ತಿಗೆ ಲೇಸರ್ ಪ್ರಿಂಟರು ಸಾಮಾನ್ಯ ಮಳಿಗೆಯ ಅಳವಿಗೆ ಸಿಕ್ಕಿತ್ತು.

ಈ ಯಂತ್ರದ ಹುಟ್ಟು ದೂರದ್ದು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶಗೊಳಿಸಿ, ಬರಹವಿದ್ದ ಗಾಜಿನ ಮೂಲಕ ಬೆಳಕು ಬೀರಿ, ಮೇಲೆ ಒಣಪುಡಿ ಉದುರಿಸಿದಾಗ ಪುಡಿ ಅಕ್ಷರದ ಆಕಾರದಲ್ಲಿ ನಿಂತಿತು. ಒಣಬರಹ ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಈ ವಿಧಾನಕ್ಕೆ ಹೆಸರಾಗಿ, ಅದರಿಂದಲೇ ಕನ್ನಡದಲ್ಲಿ ಎಲ್ಲ ನೆರಳಚ್ಚಿಗೂ ಸಲ್ಲುವ ಜೆರಾಕ್ಸ್ ಎಂಬ ಮಾತು ಬಂದಿತು. ಬೆಳಕಿಗೆ ಬದಲು ಲೇಸರ್ ಕಿರಣದಿಂದ ಬರೆಯುವ ಆಲೋಚನೆಯನ್ನು ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ 1969ರ ಸುಮಾರಿಗೆ ಬೆಳೆಸಿದರು. 1984ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಕ್ಯಾನನ್‌ನ ಯಂತ್ರಾಂಗವನ್ನು ಬಳಸಿ ಮಾರುಕಟ್ಟೆಗೆ ತಂದ ಲೇಸರ್‌ಜೆಟ್, ಅಂಗುಲಕ್ಕೆ 300 ಚುಕ್ಕಿಗಳಂತೆ ನಿಮಿಷಕ್ಕೆ 8 ಪುಟ ಅಚ್ಚು ಹಾಕುತ್ತಿತ್ತು. ಪುಡಿಯ ಡಬ್ಬಿಯನ್ನೂ ಡ್ರಮ್ಮನ್ನೂ ಒಂದೇ ಕಾರ್ಟ್ರಿಜ್ಜಿನಲ್ಲಿ ಅಡಕ ಮಾಡಿ, ಮಾಲೀಕನೇ ತೆಗೆದು ಹಾಕುವಂತೆ ರೂಪಿಸಿದ್ದು ಮೇಜಿನ ಮೇಲಿನ ಈ ಯಂತ್ರಗಳ ನಿಜವಾದ ಹೊಸತನ; ದುರಸ್ತಿಯವರು ಬಾರದ ಊರುಗಳಿಗೆ ಇವು ಕಾಲಿಡಲು ಸಾಧ್ಯವಾದದ್ದು ಅದರಿಂದ.

ಒಳಗೆ ನಡೆಯುವುದನ್ನು ಓಲೆಯ ಭಾಷೆಯಲ್ಲಿಯೇ ಹೇಳಬಹುದು. ಡ್ರಮ್ ಎಂಬ ಉರುಳೆಯ ನುಣುಪಾದ ಮೈಗೆ ಕತ್ತಲಲ್ಲಿ ಸಮನಾಗಿ ಋಣ ವಿದ್ಯುತ್ತನ್ನು ತುಂಬಲಾಗುತ್ತದೆ. ಸುತ್ತುವ ಕನ್ನಡಿಯಿಂದ ಹಾಯುವ ಲೇಸರ್ ಕಿರಣ ಸಾಲುಸಾಲಾಗಿ ಹರಿದು, ಅಕ್ಷರ ಬೀಳಬೇಕಾದ ಕಡೆ ಮಾತ್ರ ಆ ವಿದ್ಯುತ್ತನ್ನು ಇಳಿಸುತ್ತದೆ. ಇದು ಕಂಟದ ಗೀರು, ಕಣ್ಣಿಗೆ ಕಾಣದು. ಅನಂತರ ಟೋನರ್ ಎಂಬ ಕರಿಪುಡಿ ಉರುಳೆಯ ಮೇಲೆ ಹಾಯ್ದು, ವಿದ್ಯುತ್ತು ಇಳಿದ ಕಡೆ ನಿಂತು, ಉಳಿದ ಕಡೆ ನಿಲ್ಲದೆ ಹೋಗುತ್ತದೆ. ಪುಡಿ ಅಲ್ಲಿಂದ ಕಾಗದಕ್ಕೆ ದಾಟಿ, ಫ್ಯೂಸರ್ ಎಂಬ ಸುಮಾರು 200 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾಯುವ ಭಾಗದ ಕೆಳಗೆ ಕರಗಿ ಅಂಟಿಕೊಳ್ಳುತ್ತದೆ. ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು: ಓಲೆಯ ಕಾಡಿಗೆ ಗೀರಿನೊಳಗೆ ಕೂರುತ್ತದೆ, ಟೋನರಿನಲ್ಲಿ ಕಪ್ಪು ಬಣ್ಣದೊಡನೆ ಬೆರೆತಿರುವುದು ಪ್ಲಾಸ್ಟಿಕ್ಕಾದ್ದರಿಂದ ಅದು ಕಾಗದದ ಮೇಲೆ ಹೆಪ್ಪಾಗಿ ಕೂರುತ್ತದೆ, ಈ ಒಂದು ವ್ಯತ್ಯಾಸದ ಪರಿಣಾಮ ರೈತನ ಕೈಯಲ್ಲಿರುವ ಹಾಳೆಯವರೆಗೂ ಮುಟ್ಟುತ್ತದೆ.

ಕನ್ನಡಕ್ಕೆ ಈ ಯಂತ್ರದಿಂದ ಆದ ಲಾಭ ಇಂಗ್ಲಿಷಿಗೆ ಆದದ್ದಕ್ಕಿಂತ ಹೆಚ್ಚು. ಸೂಜಿಗಳಿಂದ ರಿಬ್ಬನ್ನಿನ ಮೇಲೆ ಕುಟ್ಟುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನೊಳಗೆ ರೋಮನ್ ಅಕ್ಷರಗಳ ಆಕಾರ ಮೊದಲೇ ಅಡಕವಾಗಿರುತ್ತಿತ್ತು. ಕನ್ನಡವನ್ನು ಅದು ಚಿತ್ರವೆಂದು ಎಣಿಸಿ ನಿಧಾನವಾಗಿ ಹಲವು ಸಲ ಹಾದು ಮೂಡಿಸಬೇಕಿತ್ತು. ‘ಲಕ್ಷ್ಮಮ್ಮ’ ಎಂಬ ಹೆಸರಿನಲ್ಲಿ ಕೆಳಗೆ ಇಳಿಯುವ ಒತ್ತಕ್ಷರಗಳು ಚುಕ್ಕಿಗಳ ಗೊಂಚಲಾಗಿ ಕಾಣುತ್ತಿದ್ದವು. ಲೇಸರ್ ಪ್ರಿಂಟರಿಗಾದರೋ ಯಾವ ಭಾಷೆಯೂ ಚುಕ್ಕಿಗಳ ಚಿತ್ರವೇ, ಮತ್ತು ಆ ಚುಕ್ಕಿಗಳು ಒತ್ತಕ್ಷರದ ಬಾಲವನ್ನೂ ಬಿಡದೆ ತೋರಿಸುವಷ್ಟು ಸಣ್ಣವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವೂ, ಅನಂತರ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದ ಮೇಲೆ, ಸಣ್ಣ ಊರಿನ ಡಿಟಿಪಿ ಮಳಿಗೆಯಲ್ಲಿ ಕನ್ನಡದ ಪುಟ ಕಟ್ಟುವುದು ಸುಲಭವಾಯಿತು. ತೊಡಕು ಇಲ್ಲದಿರಲಿಲ್ಲ: ಯೂನಿಕೋಡ್ ನೆಲೆಗೊಳ್ಳುವ ಮೊದಲು ಒಂದು ಮಳಿಗೆಯಲ್ಲಿ ಶ್ರೀಲಿಪಿಯಲ್ಲಿ ಸಿದ್ಧಪಡಿಸಿದ ಪತ್ರವನ್ನು ಆ ಅಕ್ಷರವಿನ್ಯಾಸವಿಲ್ಲದ ಇನ್ನೊಂದು ಮಳಿಗೆಯಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತಿತ್ತಾದ್ದರಿಂದ, ಪತ್ರವನ್ನು ನಂಬಿಕೆಯಿಂದ ಒಯ್ಯಬಹುದಾದ ರೂಪ ಅಚ್ಚಾದ ಹಾಳೆಯೊಂದೇ ಆಗಿತ್ತು. ಇದೇ ಯಂತ್ರದಲ್ಲಿ ಟ್ರೇಸಿಂಗ್ ಕಾಗದದ ಮೇಲೆ ತೆಗೆದ ಪ್ರತಿಯಿಂದ ಲಗ್ನಪತ್ರಿಕೆಗಳ ಸ್ಕ್ರೀನ್ ಸಿದ್ಧಪಡಿಸುವ ಉಪಕಸುಬೂ ಬೆಳೆಯಿತು.

ಕಂಪ್ಯೂಟರಿನಿಂದ ಅಚ್ಚಾದ ಹಾಳೆಗೆ ಕಾನೂನಿನ ಬಲ ಬಂದದ್ದು ಭೂಮಿ ಯೋಜನೆಯಿಂದ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲಾಗಿ, ಎರಡು ಸಾವಿರದ ಇಸವಿಯ ಆಚೀಚೆ ಆಗಿನ 177 ತಾಲ್ಲೂಕುಗಳಿಗೂ ಹಬ್ಬಿದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗತೊಡಗಿತು. ಅಕ್ಷರದಲ್ಲಿ ಕೈಗುರುತು ಇಲ್ಲವಾದಾಗ ಅದನ್ನು ಬೇರೆ ಕಡೆ ತುಂಬಿಕೊಡಬೇಕಾಯಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ: ದಾಖಲೆ ತಿದ್ದುವ ನೌಕರ ಯಂತ್ರಕ್ಕೆ ಬೆರಳಿನ ಗುರುತು ಕೊಡಬೇಕೆಂಬ ನಿಯಮ ಬಂದದ್ದು ಅದಕ್ಕಾಗಿ. ನೋಂದಣಿ ಇಲಾಖೆಯಲ್ಲಿಯೂ 2003ರಿಂದ ಕಾವೇರಿ ತಂತ್ರಾಂಶ ಬಂದು, ನಕಲಿ ಛಾಪಾ ಕಾಗದದ ಹಗರಣದ ಬಳಿಕ ಛಾಪಾ ಕಾಗದದ ಸ್ಥಾನಕ್ಕೆ ದಸ್ತಾವೇಜು ಹಾಳೆ ಬಂದಿತು. ಶುಲ್ಕವನ್ನು ಬೇರೆಯಾಗಿ ಕಟ್ಟಿ, ಈ ಹಾಳೆಯನ್ನು ಪ್ರಿಂಟರಿಗೆ ಹಾಕಿ ಪತ್ರವನ್ನು ಅಚ್ಚು ಮಾಡಿಸುವ ಪದ್ಧತಿ ನೆಲೆಸಿದ ಮೇಲೆ ಪತ್ರ ಬರಹಗಾರನಿಗೆ ಲೇಸರ್ ಪ್ರಿಂಟರು ಲೇಖನಿಯಷ್ಟೇ ಅನಿವಾರ್ಯವಾಯಿತು. ಬಿಕ್ಕಲಂ ಎಂಬ ಸಾಲು ಮಾತ್ರ ಬಿಟ್ಟುಹೋಗಲಿಲ್ಲ. ಯಾರ ಕೈಯೂ ಬರೆಯದ ಪತ್ರದ ಕೊನೆಯಲ್ಲಿ ಅದೂ ಅಚ್ಚಿನಲ್ಲಿಯೇ ಬರತೊಡಗಿತು.

ಮಾಲೀಕರ ಅನುಭವದ ಮಾತು ಬಂದರೆ, ಭಾರತದ ಸಣ್ಣ ಕಚೇರಿಗಳಲ್ಲಿ ಹೆಚ್ಚು ಹರಡಿದ್ದು 2005ರ ಆಚೀಚೆ ಬಂದ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900 ಎಂಬ ಎರಡು ಪುಟ್ಟ ಯಂತ್ರಗಳು. ನಿಮಿಷಕ್ಕೆ 12ರಿಂದ 15 ಪುಟ ಹಾಕುವ ಇವು ಒಂದೇ ಮನೆತನದವು. ಮೊದಲನೆಯದರ 12ಎ ಕಾರ್ಟ್ರಿಜ್ಜು ತಯಾರಕರ ಲೆಕ್ಕದಲ್ಲಿ ಸುಮಾರು 2000 ಪುಟಕ್ಕೆ ಬರುತ್ತದೆ. ಮಾಲೀಕ ಬೇಗನೆ ಕಲಿಯುವ ಪಾಠ, ಖರ್ಚು ಯಂತ್ರದ್ದಲ್ಲ, ಪುಡಿಯದು ಎಂಬುದು. ಹೊಸ ಕಾರ್ಟ್ರಿಜ್ಜಿನ ಬೆಲೆಯಲ್ಲಿ ಹಲವು ಸಲ ಪುಡಿ ತುಂಬಿಸಬಹುದಾದ್ದರಿಂದ ರೀಫಿಲ್ ಮಾಡುವವರ ಪ್ರತ್ಯೇಕ ಕಸುಬೇ ಹುಟ್ಟಿತು: ಬ್ಯಾಗಿನಲ್ಲಿ ಪುಡಿಯ ಬಾಟಲಿ, ಸ್ಕ್ರೂಡ್ರೈವರು, ಬ್ರಷ್ಷು ಮತ್ತು ಹಳೆಯ ಬಟ್ಟೆಯನ್ನು ಹೊತ್ತು ಮಳಿಗೆಯಿಂದ ಮಳಿಗೆಗೆ ಹೋಗುವವರು. ಕಾರ್ಟ್ರಿಜ್ಜಿನ ಪಿನ್ನು ತೆಗೆದು ಎರಡು ಭಾಗ ಮಾಡಿ, ಬಳಕೆಯಾಗದೆ ಉಳಿದ ಕೊಳಕು ಪುಡಿಯನ್ನು ಕೊಡವಿ, ಡ್ರಮ್ಮನ್ನು ಒರೆಸಿ, ಹೊಸ ಪುಡಿ ಸುರಿದು ಮುಚ್ಚುವ ಈ ಕೆಲಸ ಬಲ್ಲವರಿಗೆ ಕಾಲು ಗಂಟೆಯದು. ಕೊಳಕು ಪುಡಿಯ ತೊಟ್ಟಿಯನ್ನು ಖಾಲಿ ಮಾಡದೆ ಮೇಲಷ್ಟೇ ತುಂಬಿದರೆ ಅದು ಉಕ್ಕಿ ಹಾಳೆಯ ಅಂಚೆಲ್ಲ ಕಪ್ಪಾಗುತ್ತದೆ. ಕೈಗೋ ಬಟ್ಟೆಗೋ ಪುಡಿ ಬಿದ್ದರೆ ತಣ್ಣೀರಿನಲ್ಲಿಯೇ ತೊಳೆಯಬೇಕೆಂಬುದು ಕಸುಬಿನವರೆಲ್ಲ ಬಲ್ಲ ಮಾತು; ಬಿಸಿನೀರು ಸೋಕಿದರೆ ಫ್ಯೂಸರು ಕಾಗದದ ಮೇಲೆ ಮಾಡುವ ಕೆಲಸವನ್ನೇ ಅದು ಬಟ್ಟೆಯ ಮೇಲೆ ಮಾಡುತ್ತದೆ. ಅಕ್ಷರ ಮಾಸಿದಾಗ ಕಾರ್ಟ್ರಿಜ್ಜನ್ನು ಹೊರತೆಗೆದು ಅಡ್ಡಡ್ಡ ಅಲುಗಿಸಿದರೆ ಇನ್ನೂ ಹತ್ತಾರು ಪುಟ ಬರುವುದುಂಟು, ಮತ್ತು ಆ ಹತ್ತಾರು ಪುಟಗಳಲ್ಲಿ ಒಂದು ಕ್ರಯಪತ್ರ ಮುಗಿಯುತ್ತದೆ.

ಯಂತ್ರದ ಕಾಯಿಲೆಯನ್ನು ಹಾಳೆಯಿಂದಲೇ ಪತ್ತೆ ಮಾಡುವ ವಿದ್ಯೆಯೂ ಈ ಮಾಲೀಕರಲ್ಲಿ ಬೆಳೆಯಿತು. ಒಂದು ಕರಿಚುಕ್ಕೆ ಪುಟದಲ್ಲಿ ಮೇಲಿನಿಂದ ಕೆಳಗೆ ಸುಮಾರು ಏಳೂವರೆ ಸೆಂಟಿಮೀಟರಿಗೊಮ್ಮೆ ಮರುಕಳಿಸಿದರೆ ದೋಷ ಡ್ರಮ್ಮಿನದು, ಏಕೆಂದರೆ ಈ ಪುಟ್ಟ ಯಂತ್ರಗಳ ಡ್ರಮ್ಮಿನ ಸುತ್ತಳತೆ ಅಷ್ಟೇ. ಮೇಲಿನಿಂದ ಕೆಳಗೆ ಒಂದೇ ಉದ್ದ ಗೆರೆ ಬಂದರೆ ಡ್ರಮ್ಮಿಗೆ ಗೀರು ಬಿದ್ದಿದೆ ಅಥವಾ ಅದನ್ನು ಒರೆಸುವ ಪಟ್ಟಿ ಸವೆದಿದೆ. ಅಕ್ಷರ ಬೆರಳಿಗೆ ಬಳಿದುಕೊಂಡರೆ ಫ್ಯೂಸರು ಸಾಕಷ್ಟು ಕಾಯುತ್ತಿಲ್ಲ. ಫ್ಯೂಸರಿನ ತೆಳು ಪದರ ಹರಿಯಲು ಸಾಮಾನ್ಯ ಕಾರಣ ಗುಂಡುಪಿನ್ನು. ಒಂದು ಮಗ್ಗುಲು ಅಚ್ಚಾದ ಹಳೆಯ ಹಾಳೆಯನ್ನು ಕರಡು ತೆಗೆಯಲು ಮತ್ತೆ ಬಳಸುವುದು ಇಲ್ಲಿನ ಮಿತವ್ಯಯ. ಆ ಹಾಳೆಗಳ ನಡುವೆ ಮರೆತ ಒಂದು ಪಿನ್ನು ಉಳಿಸಿದ ಕಾಗದದ ಬೆಲೆಯನ್ನು ಬಡ್ಡಿ ಸಮೇತ ಹಿಂದಕ್ಕೆ ಪಡೆಯುತ್ತದೆ.

ಲಿಪಿಕಾರರು ಹೆದರುತ್ತಿದ್ದ ನೀರು ಇಲ್ಲಿಯೂ ವೈರಿಯಾಗಿ ಉಳಿದಿದೆ. ತೆಂಗು ರಾಗಿಗಳ ಒಣಸೀಮೆಯಾದ ಚನ್ನರಾಯಪಟ್ಟಣದ ಕಡೆ ಕಾಟ ಧೂಳಿನದಾದರೆ, ಮಲೆನಾಡಿಗೆ ಹತ್ತಿರವಾದ ಅರಕಲಗೂಡಿನ ಕಡೆ ಮುಂಗಾರಿನಲ್ಲಿ ಕಾಟ ತೇವದ್ದು. ಹೊದಿಕೆ ಬಿಚ್ಚಿಟ್ಟ ಕಾಗದದ ಕಟ್ಟು ಗಾಳಿಯ ತೇವವನ್ನು ಹೀರಿ, ಫ್ಯೂಸರಿನ ಕಾವಿಗೆ ಹೊರಟಾಗ ಸುರುಳಿಗೊಳ್ಳುತ್ತದೆ, ಎರಡೆರಡು ಹಾಳೆ ಒಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ತೇವದ ಕಾಗದ ವಿದ್ಯುತ್ತನ್ನು ಹಿಡಿದಿಡಲಾರದಾದ್ದರಿಂದ ಪುಡಿ ಸರಿಯಾಗಿ ದಾಟದೆ ಅಕ್ಷರ ಪೇಲವವಾಗುತ್ತದೆ. ಕಟ್ಟನ್ನು ಮುಚ್ಚಿಡುವುದು, ಹಾಕುವ ಮುನ್ನ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸುವುದು, ಕಾಗದ ಎಳೆಯುವ ರಬ್ಬರಿನ ಉರುಳೆ ನುಣುಪಾದಾಗ ಒದ್ದೆ ಬಟ್ಟೆಯಿಂದ ಒರೆಸುವುದು ಇದಕ್ಕೆ ಕಂಡುಕೊಂಡ ಉಪಾಯಗಳು. ಕರೆಂಟಿನದು ಬೇರೆಯದೇ ಕಥೆ. ಫ್ಯೂಸರು ಕಾಯುವಾಗ ಒಮ್ಮೆಲೇ ಬಹಳ ವಿದ್ಯುತ್ತನ್ನು ಎಳೆಯುವುದರಿಂದ ಸಣ್ಣ ಯುಪಿಎಸ್ಸಿಗೆ ಲೇಸರ್ ಪ್ರಿಂಟರನ್ನು ಜೋಡಿಸಬಾರದು. ಜೋಡಿಸಿದರೆ ಯುಪಿಎಸ್ಸು ಕೂಗಿ, ಪ್ರಿಂಟರಿನೊಡನೆ ಕಂಪ್ಯೂಟರೂ ಆರಿಹೋಗುತ್ತದೆ. ಆದ್ದರಿಂದ ಕರೆಂಟು ಹೋದಾಗ ಪತ್ರವನ್ನು ತಿದ್ದಬಹುದು, ತೆಗೆಯಲಾಗದು. ನೋಂದಣಿಗೆ ಬಂದ ಎರಡೂ ಪಕ್ಷದವರೂ ಸಾಕ್ಷಿಗಳೂ ಅಷ್ಟು ಹೊತ್ತು ಮಳಿಗೆಯ ಮುಂದಿನ ಬೆಂಚಿನ ಮೇಲೆ ಕೂತಿರಬೇಕು.

ಅಚ್ಚಾದ ಹಾಳೆ ಮಳಿಗೆಯನ್ನು ಬಿಟ್ಟ ಮೇಲೂ ಅದರ ಚರಿತ್ರೆ ಮುಗಿಯುವುದಿಲ್ಲ. ಟೋನರ್ ಕಾಗದದೊಳಕ್ಕೆ ಇಳಿಯದೆ ಮೇಲೆ ಪದರವಾಗಿ ಕೂತಿರುವುದರಿಂದ, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟ ಪಹಣಿಯಲ್ಲಿ ಮಡಿಕೆಯ ಗೆರೆಯುದ್ದಕ್ಕೂ ಪುಡಿ ಒಡೆದು ಉದುರುತ್ತದೆ. ಆ ಗೆರೆ ಸರ್ವೆ ನಂಬರಿನ ಮೇಲೆಯೇ ಹಾಯ್ದರೆ ಮೂರೋ ಎಂಟೋ ಎಂದು ಊಹಿಸಬೇಕಾಗುತ್ತದೆ. ಇದನ್ನು ತಪ್ಪಿಸಲೆಂದು ಜನ ಕಾಗದವನ್ನು ಮಡಿಸದೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪೆಟ್ಟಿಗೆಯಲ್ಲೋ ಬೀರುವಿನಲ್ಲೋ ಜೋಪಾನ ಮಾಡುತ್ತಾರೆ. ಅಗ್ಗದ ಮೆತುವಾದ ಕವರುಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಅದನ್ನು ಮೆತುಗೊಳಿಸಲು ಬೆರೆಸಿದ ದ್ರವ್ಯ ಕಾಲಕ್ರಮದಲ್ಲಿ ಟೋನರನ್ನೂ ಮೆತುಗೊಳಿಸುತ್ತದೆ. ಕೆಲವು ವರ್ಷಗಳ ಮೇಲೆ ಸಾಲಕ್ಕೋ ಭಾಗಕ್ಕೋ ಬೇಕಾಗಿ ಹಾಳೆಯನ್ನು ಎಳೆದಾಗ ಅದು ಸದ್ದು ಮಾಡುತ್ತ ಬಿಡಿಸಿಕೊಂಡು ಬರುತ್ತದೆ, ಅಕ್ಷರಗಳಲ್ಲಿ ಕೆಲವು ಕಾಗದವನ್ನು ಬಿಟ್ಟು ಕವರಿನ ಒಳಮೈಗೆ ಅಂಟಿ ಅಲ್ಲಿಯೇ ಉಳಿಯುತ್ತವೆ. ಒಳಗಿನಿಂದ ನೋಡಿದರೆ ಅವು ಕನ್ನಡಿಯಲ್ಲಿನ ಬಿಂಬದಂತೆ ತಿರುವುಮುರುವು. ಖಾಲಿ ಕವರನ್ನು ಹೊರಮಗ್ಗುಲಿನಿಂದ ಬೆಳಕಿಗೆ ಹಿಡಿದರೆ ಮಾತ್ರ ಚಕ್ಕುಬಂದಿಯ ಸಾಲುಗಳು, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದು, ನೆಟ್ಟಗೆ ಓದಿಗೆ ಸಿಗುತ್ತವೆ.